ಸಂಚಿಯ ಕಾಸು, ಫೋನಿನ ಲೆಕ್ಕ

ಜೇಬಿನಲ್ಲಿ ದುಡ್ಡಿಟ್ಟುಕೊಂಡು ಈಗ ಯಾರ್ರೀ ತಿರುಗ್ತಾರೆ ಎಂದು ಕೇಳುವವರು ಹೆಚ್ಚಾಗಿದ್ದಾರೆ. ಫೋನು ಒಂದಿದ್ದರೆ ಸಾಕು, ಪರ್ಸೂ ಬೇಡ ಚಿಲ್ಲರೆಯೂ ಬೇಡ ಅಂತಾರೆ. ಇದು ಬರೀ ಅನುಕೂಲದ ಮಾತಾಗಿದ್ದರೆ ಅದರ ಬಗ್ಗೆ ಬರೆಯುವ ಅಗತ್ಯವಿರಲಿಲ್ಲ. ಆದರೆ ಈ ನೆಲದಲ್ಲಿ ದುಡ್ಡನ್ನು ಕೈಯಲ್ಲಿ ಹಿಡಿಯುವ ಭಾಗ್ಯ ಎಲ್ಲರಿಗೂ ಒಂದೇ ದಿನ ಬಂದದ್ದಲ್ಲ. ಗೌಡನ ಮನೆಯಲ್ಲಿ ಪೆಟ್ಟಿಗೆ ಇತ್ತು, ಸಾಹುಕಾರನಿಗೆ ತಿಜೋರಿ ಇತ್ತು, ಕಲ್ಲು ದೇವರಿಗೂ ಹುಂಡಿ ಇತ್ತು. ನಮ್ಮ ಜನ ಸೊಂಟಕ್ಕೆ ಒಂದು ಸಂಚಿ ಸಿಕ್ಕಿಸಿಕೊಂಡು, ಅದರೊಳಗೆ ತಮ್ಮದೆನ್ನುವ ನಾಲ್ಕು ಕಾಸು ಕಾಣುವುದಕ್ಕೆ ತಲೆಮಾರುಗಳೇ ಹಿಡಿದವು. ಆದ್ದರಿಂದ ಪರ್ಸೋ ಫೋನೋ ಎಂಬ ಪ್ರಶ್ನೆಯನ್ನು ನಾವು ಕೇರಿಯ ಕಡೆಯಿಂದ ಕೇಳಬೇಕಾಗಿದೆ.

1

ಹಳೆಯ ಹಳ್ಳಿಯನ್ನು ಹೊಗಳಿದ ಪಂಡಿತರು ಅದನ್ನು ಸ್ವಯಂಪೂರ್ಣ ಎಂದು ಕರೆದರು. ಹನ್ನೆರಡು ಆಯಗಾರರು ಊರಿನ ಕೆಲಸ ಮಾಡುತ್ತಿದ್ದರು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ತಮ್ಮ ಆಯ ತರುತ್ತಿದ್ದರು, ದುಡ್ಡಿನ ಗೋಜೇ ಇರಲಿಲ್ಲ ಎಂದು ಬರೆದರು. ಗೋಜು ಇರಲಿಲ್ಲ, ನಿಜ. ಯಾರಿಗೆ ಇರಲಿಲ್ಲ ಎಂಬುದನ್ನು ಮಾತ್ರ ಬರೆಯಲಿಲ್ಲ. ಸತ್ತ ದನ ಎಳೆದವರು, ಸಾವಿನ ಸುದ್ದಿ ಹೊತ್ತು ಊರೂರು ಓಡಿದವರು, ಗಡಿ ಕಾದವರು, ತಮಟೆ ಬಡಿದವರು, ಮಿಣಿ ಹೊಲಿದವರು ಮಾಡಿದ ಕೆಲಸಕ್ಕೆ ಅಳತೆಯೇ ಇರಲಿಲ್ಲ. ಅಳತೆ ಇದ್ದದ್ದು ಅವರಿಗೆ ಕೊಡುವ ಕಾಳಿಗೆ. ಅಳೆಯುವ ಕೊಳಗ ಕೊಡುವವನ ಕೈಯಲ್ಲೇ ಇತ್ತು. ರಾಶಿ ಎತ್ತಿದ ಮೇಲೆ ಕಣದಲ್ಲಿ ಉಳಿದ ಮಣ್ಣು ಬೆರೆತ ಕಾಳು, ಜೊಳ್ಳು, ಮಡಿಲಿಗೆ ಬಿತ್ತು.

ಕಾಳಿನ ಗುಣವನ್ನು ನಾವು ಅರಿಯಬೇಕು. ಅದನ್ನು ತಿನ್ನಬಹುದು, ಆದರೆ ಮಡಿಚಿ ಸೊಂಟಕ್ಕೆ ಸಿಕ್ಕಿಸಿಕೊಂಡು ದೂರ ಹೋಗಲಾಗದು. ಗುಡಾಣದ ರಾಗಿ ಮುಗಿಯುವ ಹೊತ್ತಿಗೆ ಮತ್ತೆ ಅದೇ ಬಾಗಿಲ ಮುಂದೆ ನಿಲ್ಲಬೇಕು. ಕಾಳಿನಲ್ಲಿ ಕೂಲಿ ಪಡೆದವನು ಊರು ಬಿಡಲಾರ. ಊರಿಗೂ ಅದೇ ಬೇಕಾಗಿತ್ತು.

ಇದನ್ನು ಬಿಡಿಸಿ ನೋಡಿದವರು ಬಾಬಾಸಾಹೇಬ ಅಂಬೇಡ್ಕರ್. ಮುಂಬಯಿ ಪ್ರಾಂತದಲ್ಲಿ ಮಹಾರರನ್ನು ವತನದ ಹೆಸರಿನಲ್ಲಿ ಊರಿನ ಚಾಕರಿಗೆ ಕಟ್ಟಿಹಾಕಲಾಗಿತ್ತು. ಒಂದಿಷ್ಟು ತುಂಡು ಭೂಮಿ, ಮನೆಮನೆಯಿಂದ ಎತ್ತುವ ಬಲೂತದ ಕಾಳು, ಅದಕ್ಕೆ ಬದಲಾಗಿ ಹಗಲೂ ಇರುಳೂ ಇಡೀ ಮನೆತನದ ದುಡಿಮೆ. ಬೆಳಗಾವಿ, ಧಾರವಾಡ, ವಿಜಾಪುರಗಳೂ ಆಗ ಅದೇ ಪ್ರಾಂತದಲ್ಲಿದ್ದವು, 1874ರ ಅದೇ ವತನ ಕಾನೂನಿನಡಿ ಇದ್ದವು. 1928ರಲ್ಲಿ ಅಂಬೇಡ್ಕರ್ ಮುಂಬಯಿ ವಿಧಾನ ಪರಿಷತ್ತಿನಲ್ಲಿ ಒಂದು ತಿದ್ದುಪಡಿ ಮಸೂದೆ ತಂದರು. ಬಲೂತದ ಕಾಳನ್ನು ದುಡ್ಡಿಗೆ ಬದಲಾಯಿಸಬೇಕು, ಅದನ್ನು ಸರ್ಕಾರವೇ ವಸೂಲು ಮಾಡಿ ಕೊಡಬೇಕು ಎನ್ನುವುದು ಅದರೊಳಗಿನ ಒಂದು ಮಾತು. ಮೇಲ್ನೋಟಕ್ಕೆ ಇದು ಸಣ್ಣ ಲೆಕ್ಕದ ವಿಚಾರ. ಆದರೆ ಕಾಳು ಕಾಸಾದರೆ ಬೇಡುವ ಕೈ ಪಡೆಯುವ ಕೈಯಾಗುತ್ತದೆ. ಮಸೂದೆ ಗೆಲ್ಲಲಿಲ್ಲ. ನಮ್ಮ ರಾಜ್ಯದಲ್ಲಿ ವಂಶಪಾರಂಪರ್ಯದ ಗ್ರಾಮ ಚಾಕರಿಗಳನ್ನು ರದ್ದು ಮಾಡುವ ಕಾನೂನು ಬಂದದ್ದು 1961ರಲ್ಲಿ.

ಆಯಕ್ಕಿಂತ ಕೆಳಗಿನ ಮೆಟ್ಟಿಲು ಜೀತ. ಮದುವೆಗೋ ಮಣ್ಣಿಗೋ ಇಸ್ಕೊಂಡ ಸಾಲಕ್ಕೆ ಅಪ್ಪ ಹೆಬ್ಬೆಟ್ಟು ಒತ್ತಿದ, ಮಗ ದನ ಕಾಯ್ದ, ಮೊಮ್ಮಗ ಸಗಣಿ ಬಾಚಿದ. ಜೀತದವನ ಸಂಬಳ ಧಣಿಯ ಪುಸ್ತಕದಲ್ಲಿ ಒಂದು ಸಾಲು, ಅಷ್ಟೇ. ಬರೆಯುವವನು ಅವನೇ, ಓದುವವನು ಅವನೇ, ಕೂಡಿ ಕಳೆಯುವವನೂ ಅವನೇ. ಕಣ್ಣಿಗೆ ಕಾಣದ ದುಡ್ಡು, ಕೈಗೆ ಬಾರದ ದುಡ್ಡು, ಬೇರೆಯವರ ಲೆಕ್ಕದಲ್ಲಿ ಬದುಕುವ ದುಡ್ಡು ನಮಗೆ ಹೊಸದಲ್ಲ. ಜೀತ ಪದ್ಧತಿ ರದ್ದತಿಯ ಸುಗ್ರೀವಾಜ್ಞೆ 1975ರ ಅಕ್ಟೋಬರಿನಲ್ಲಿ ಬಂತು, 1976ರಲ್ಲಿ ಅದು ಕಾಯಿದೆಯಾಯಿತು. ಅದೇ ವರ್ಷ ಕರ್ನಾಟಕದಲ್ಲಿ ಋಣ ಪರಿಹಾರ ಕಾಯಿದೆಯೂ ಬಂತು. ಕಾಗದದ ಮೇಲೆ ಬಿಡುಗಡೆಯಾದವರು ಹಟ್ಟಿಗೆ ಬಂದು ಬರಿಗೈ ನೋಡಿಕೊಂಡರು. ಕೈಯಲ್ಲಿ ಕಾಸಿಲ್ಲದ ಬಿಡುಗಡೆ ಎಷ್ಟು ದಿನ ಬಾಳೀತು ಎಂಬುದನ್ನು ಆ ಕಾಲದ ಹೋರಾಟಗಾರರು ಬಲ್ಲರು.

2

ಕಾಸು ಕೈಗೆ ಬಂದದ್ದು ಊರು ಬಿಟ್ಟಮೇಲೆ. ಗಿರಣಿ, ರೈಲು ರಸ್ತೆ, ಕಾಫಿ ತೋಟ, ಗಣಿ ಇವು ನಮ್ಮವರಿಗೆ ಸ್ವರ್ಗವೇನೂ ಆಗಿರಲಿಲ್ಲ. ಮೇಸ್ತ್ರಿ ಮುಂಗಡ ಕೊಟ್ಟು ಕರೆತಂದ, ಕೂಲಿಯಲ್ಲಿ ತನ್ನ ಪಾಲು ಕಿತ್ತುಕೊಂಡ. ಆದರೂ ಬಟವಾಡೆಯ ದಿನ ಅಂಗೈ ಮೇಲೆ ಬಿದ್ದ ರೂಪಾಯಿ ಗಟ್ಟಿಯಾಗಿತ್ತು. ಹದಿನಾರು ಆಣೆ ಎಣಿಸಿಕೊಳ್ಳಬಹುದಿತ್ತು. ಕೋಲಾರದ ಚಿನ್ನದ ಗಣಿಗೆ ತಮಿಳು ಸೀಮೆಯಿಂದ ಬಂದ ದಲಿತರು ನೆಲದಡಿ ಸಾವಿರಾರು ಅಡಿ ಇಳಿದು ದುಡಿದರು, ಎದೆಗೂಡಿಗೆ ಕಲ್ಲುಧೂಳು ತುಂಬಿಕೊಂಡು ಸತ್ತರು. ಆದರೆ ಆ ಕೂಲಿಯ ಬಲದಿಂದಲೇ ಸಂಘ ಕಟ್ಟಿದರು, ಶಾಲೆ ನಡೆಸಿದರು, ಕೋಲಾರದ ಗಣಿ ಊರನ್ನು ಅಂಬೇಡ್ಕರ್ ಚಳವಳಿಯ ಕೋಟೆ ಮಾಡಿದರು. ಕಾಳಿನಿಂದ ಸಂಘ ಕಟ್ಟಲಾಗದು, ಚಂದಾ ಎತ್ತಲು ಕಾಸು ಬೇಕು.

ಅದೇ ಗಣಿಯಲ್ಲಿ 1930ರಲ್ಲಿ ಕೆಲಸಗಾರರ ಬೆರಳಚ್ಚು ತೆಗೆದು ನೋಂದಣಿ ಮಾಡಲು ಹೊರಟಾಗ ಅವರು ಮುಷ್ಕರ ಹೂಡಿದರು. ಠಾಣೆಯಲ್ಲಿ ಕಳ್ಳರಿಗೆ ಮಾಡುವ ಕೆಲಸವನ್ನು ದುಡಿಯುವವರಿಗೆ ಮಾಡುವುದೇ? ಅಕ್ಷರ ಬಾರದವರೆಂದು ಕರೆಸಿಕೊಂಡ ಆ ಜನಕ್ಕೆ ಬೆರಳಿನ ಗುರುತಿಗೂ ಬದುಕಿನ ಹಗ್ಗಕ್ಕೂ ಇರುವ ನಂಟು ಗೊತ್ತಿತ್ತು. ಈ ಮಾತನ್ನು ನೆನಪಿಡೋಣ, ಮುಂದೆ ಬೇಕಾಗುತ್ತದೆ.

ಕೂಲಿಯನ್ನು ನಾಣ್ಯ ಅಥವಾ ನೋಟಿನಲ್ಲೇ ಕೊಡಬೇಕು ಎಂದು ಕಾನೂನು ಹೇಳಿದ್ದು 1936ರ ವೇತನ ಪಾವತಿ ಕಾಯಿದೆಯಲ್ಲಿ. ಕಂಪನಿಯ ಅಂಗಡಿಯ ಚೀಟಿ, ಹಳಸಿದ ಅಕ್ಕಿ ಕೊಟ್ಟು ಕೂಲಿ ಎನ್ನುವ ಹಾಗಿಲ್ಲ ಎಂಬುದು ಇದರ ಅರ್ಥ. ಇದು ಕಾರ್ಖಾನೆ, ರೈಲ್ವೆಗಳಿಗೆ ಬಂದ ಕಾನೂನು, ಹೊಲದ ಕೂಲಿಯವರನ್ನು ಮುಟ್ಟಲಿಲ್ಲ. ಬಾಬಾಸಾಹೇಬರು 1923ರಲ್ಲಿ ಲಂಡನ್ನಿನಲ್ಲಿ ಪ್ರಕಟಿಸಿದ ‘ದಿ ಪ್ರಾಬ್ಲಂ ಆಫ್ ದಿ ರುಪೀ’ ಇನ್ನೂ ಆಳಕ್ಕೆ ಹೋಗಿತ್ತು. ರೂಪಾಯಿಯ ಬೆಲೆ ಇಳಿದಾಗ ರಫ್ತು ವ್ಯಾಪಾರಿಗೆ ಲಾಭವೆನ್ನುತ್ತೀರಿ, ಆ ಲಾಭ ಬಂದದ್ದು ಎಲ್ಲಿಂದ? ಧಾರಣೆ ಏರಿದ ಹಾಗೆ ಕೂಲಿ ಏರುವುದಿಲ್ಲ, ಆದ್ದರಿಂದ ಅದು ಕೂಲಿಯವನ ತಟ್ಟೆಯಿಂದ ಬಂದದ್ದು ಎಂಬ ವಾದ ಅದರಲ್ಲಿದೆ. ದುಡ್ಡಿನ ರೂಪ ಬದಲಾಯಿಸುವವರು ಯಾರು, ಅದರ ಖರ್ಚು ಹೊರುವವರು ಯಾರು ಎಂದು ಕೇಳುವುದನ್ನು ನಮಗೆ ಕಲಿಸಿದವರು ಅವರು.

3

ಕಾಸು ಬಂತು, ಕೈ ಬದಲಾಗಲಿಲ್ಲ. ಅಂಗಡಿಯ ಕಟ್ಟೆಯಿಂದ ದೂರ ನಿಂತು ಕಾಸನ್ನು ನೆಲದ ಮೇಲೆ ಇಡಬೇಕಿತ್ತು. ಅಂಗಡಿಯವನು ಅದರ ಮೇಲೆ ನೀರು ಚಿಮುಕಿಸಿ ಗಲ್ಲಕ್ಕೆ ಹಾಕಿಕೊಳ್ಳುತ್ತಿದ್ದ. ಬೆಲ್ಲ, ಹೊಗೆಸೊಪ್ಪನ್ನು ಮೇಲಿಂದ ಒಡ್ಡಿದ ಸೆರಗಿಗೆ ಎಸೆಯುತ್ತಿದ್ದ. ಸೋಜಿಗ ನೋಡಿ: ನಮ್ಮ ಕೈ ಮೈಲಿಗೆ, ನಮ್ಮ ಕೈಯ ಕಾಸು ಮಾತ್ರ ಒಂದು ಹನಿ ನೀರಿಗೆ ಮಡಿ. ಜಾತಿಯವರು ಲಾಭಕ್ಕೆ ಮಾಡಿಕೊಂಡ ಈ ರಿಯಾಯಿತಿಯೇ ನಮಗೆ ಒಂದು ಬಿರುಕು ತೋರಿಸಿತು. ಸಂತೆಗೆ, ಪಟ್ಟಣಕ್ಕೆ ಹೋದರೆ ಅದೇ ನಾಲ್ಕಾಣೆಗೆ ಬೆಂಚಿನ ಮೇಲೆ ಕೂತು ಟೀ ಕುಡಿಯಬಹುದು, ಗುರುತಿಲ್ಲದವನನ್ನು ಯಾರೂ ಕೇಳರು ಎಂಬುದು ಗೊತ್ತಾಯಿತು. ನೋಟಿನ ಮೇಲೆ ಅದನ್ನು ದುಡಿದವನ ಹೆಸರು ಬರೆದಿರುವುದಿಲ್ಲ. ಹೆಸರೇ ಶಾಪವಾಗಿದ್ದ ಜನಕ್ಕೆ ಹೆಸರಿಲ್ಲದ ದುಡ್ಡು ದೊಡ್ಡ ಉಸಿರು.

ಆ ದುಡ್ಡಿಗೆ ನಮ್ಮವರು ಎಷ್ಟು ಮನೆಗಳನ್ನು ಮಾಡಿದರು! ಎಲೆ ಅಡಿಕೆ ಸಂಚಿಯ ಒಳಖಾನೆ, ಪಟ್ಟಾಪಟ್ಟಿ ಚಡ್ಡಿಯ ಜೇಬು, ರುಮಾಲಿನ ಮಡಿಕೆ, ಸೆರಗಿನ ತುದಿಯ ಗಂಟು. ಗಂಡನ ಕಣ್ಣು ತಪ್ಪಿಸಿ ಹೆಂಗಸು ಗೂಡಿನಲ್ಲಿ, ಕಾಳಿನ ಡಬ್ಬಿಯಲ್ಲಿ ಇಟ್ಟ ಚಿಲ್ಲರೆಯಿಂದ ಎಷ್ಟು ಮಕ್ಕಳು ಸ್ಲೇಟು, ಪುಸ್ತಕ ಕಂಡರೋ ಲೆಕ್ಕ ಇಟ್ಟವರಿಲ್ಲ. ನಮ್ಮ ಓದಿನ ಚರಿತ್ರೆ ಬರೆಯುವವರು ಆ ಗಂಟನ್ನು ಮರೆಯಬಾರದು.

4

ಸರ್ಕಾರ ನೋಟು ರದ್ದು ಮಾಡಿದ್ದು 2016ರಲ್ಲೇ ಮೊದಲಲ್ಲ. 1946ರಲ್ಲಿ ಮಾಡಿತ್ತು, 1978ರಲ್ಲಿ ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳನ್ನು ರದ್ದು ಮಾಡಿತ್ತು. ಆಗ ಕೇರಿಗೆ ಅದು ಸುದ್ದಿಯೂ ಆಗಲಿಲ್ಲ, ಸಾವಿರದ ನೋಟು ಕಂಡವರು ಅಲ್ಲಿ ಯಾರಿದ್ದರು? 2016ರ ನವೆಂಬರ್ 8ರಂದು ರದ್ದಾದದ್ದು 500 ಮತ್ತು 1000ದ ನೋಟುಗಳು, ಚಲಾವಣೆಯಲ್ಲಿದ್ದ ಹಣದ ಮೌಲ್ಯದಲ್ಲಿ ಸುಮಾರು 86 ಭಾಗ. ಈ ಸಲ ಹೊಡೆತ ಕಾಳಿನ ಡಬ್ಬಿಗೇ ಬಿತ್ತು. ಗಂಡನಿಗೂ ಹೇಳದ ಗಂಟನ್ನು ಹೆಂಗಸರು ಬೀದಿಯಲ್ಲಿ ಬಿಚ್ಚಿ ತೋರಿಸಬೇಕಾಯಿತು. ಕಟ್ಟಡದ ಕೆಲಸ ನಿಂತಿತು, ಗಾರೆಯವರು ಊರಿಗೆ ವಾಪಸಾದರು. ಕಪ್ಪು ಹಣ ಬಯಲಾಗುತ್ತದೆ ಅಂದರು. ರದ್ದಾದ ಹಣದಲ್ಲಿ ಶೇಕಡಾ 99ಕ್ಕಿಂತ ಹೆಚ್ಚು ಬ್ಯಾಂಕಿಗೆ ಮರಳಿತೆಂದು ರಿಸರ್ವ್ ಬ್ಯಾಂಕೇ 2018ರಲ್ಲಿ ಲೆಕ್ಕ ಕೊಟ್ಟಿತು. 2023ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನ ಐವರಲ್ಲಿ ನಾಲ್ವರು ನೋಟು ರದ್ದತಿಯನ್ನು ಎತ್ತಿಹಿಡಿದರು. ನಮ್ಮ ನಾಡಿನವರಾದ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಒಬ್ಬರೇ ಅದು ಕಾನೂನಿನ ಕ್ರಮವಲ್ಲವೆಂದು ಬೇರೆ ತೀರ್ಪು ಬರೆದರು.

ಅದೇ 2016ರ ಏಪ್ರಿಲಿನಲ್ಲಿ ಯುಪಿಐ ಶುರುವಾಗಿತ್ತು. ಡಿಸೆಂಬರ್ 30ರಂದು ಪ್ರಧಾನಿ ಒಂದು ಆಪನ್ನು ಬಿಡುಗಡೆ ಮಾಡಿ ಅದಕ್ಕೆ ‘ಭೀಮ್’ ಎಂದು ಹೆಸರಿಟ್ಟರು, ಇದು ಅಂಬೇಡ್ಕರರ ಹೆಸರು ಎಂದರು. ಇನ್ನೊಂದು ಕೆಲಸವೂ ಅದೇ ವಾರ ನಡೆಯಿತು, ಅದಕ್ಕೆ ಯಾರೂ ತಮಟೆ ಹೊಡೆಯಲಿಲ್ಲ. ಕೂಲಿಯವನ ಲಿಖಿತ ಒಪ್ಪಿಗೆ ಇದ್ದರೆ ಮಾತ್ರ ಚೆಕ್ಕು, ಬ್ಯಾಂಕಿನ ಮೂಲಕ ಸಂಬಳ ಎಂದಿದ್ದ 1936ರ ಕಾಯಿದೆಯನ್ನು ಸುಗ್ರೀವಾಜ್ಞೆಯಿಂದ ತಿದ್ದಿ, ಆ ಒಪ್ಪಿಗೆ ಬೇಡವೆಂದರು. 2019ರ ವೇತನ ಸಂಹಿತೆ 2025ರ ನವೆಂಬರಿನಲ್ಲಿ ಜಾರಿಗೆ ಬಂದು ಹಳೆಯ ಕಾಯಿದೆಯ ಜಾಗ ಹಿಡಿಯಿತು. ಅದರಲ್ಲಿ ನಾಣ್ಯ, ನೋಟು, ಚೆಕ್ಕು, ವಿದ್ಯುನ್ಮಾನ ಪಾವತಿ ಎಲ್ಲವೂ ಒಂದೇ ಸಾಲಿನಲ್ಲಿವೆ. ಆರಿಸುವ ಹಕ್ಕು ದುಡಿದವನದು ಎಂಬ ಹಳೆಯ ಮಾತು ಇಲ್ಲ.

ನ್ಯಾಯವಾದ ಮಾತನ್ನೂ ಹೇಳೋಣ. 2005ರ ಉದ್ಯೋಗ ಖಾತ್ರಿ ಕಾಯಿದೆಯ ಕೂಲಿಯನ್ನು ಮೊದಲು ಕೈಗೇ ಕೊಡುತ್ತಿದ್ದರು. ಗುತ್ತಿಗೆದಾರ, ಪಂಚಾಯ್ತಿಯ ದೊಡ್ಡವರು ಅದನ್ನು ನುಂಗಿದರು. 2008ರಿಂದ ಖಾತೆಗೆ ಹಾಕತೊಡಗಿದಾಗ ಆ ಹಲ್ಲಿಗೆ ಸ್ವಲ್ಪ ತಡೆ ಬಿತ್ತು. ಗೌಡನ ಜಗುಲಿಯ ಮುಂದೆ ಕೈಯೊಡ್ಡುವುದು ತಪ್ಪಿತು. 2023ರ ಆಗಸ್ಟಿನಲ್ಲಿ ಶುರುವಾದ ಗೃಹಲಕ್ಷ್ಮಿಯ ಎರಡು ಸಾವಿರ ಹೆಂಗಸಿನ ಹೆಸರಿನ ಖಾತೆಗೇ ಬಂತು. ಇವು ಸಣ್ಣ ಗೆಲುವುಗಳಲ್ಲ. ಆದರೆ 2023ರ ಜನವರಿಯಿಂದ ಉದ್ಯೋಗ ಖಾತ್ರಿಯ ಹಾಜರಿಗೆ ದಿನಕ್ಕೆರಡು ಸಲ ಫೋನಿನಲ್ಲಿ ಫೋಟೋ ಕಡ್ಡಾಯವಾಯಿತು. 2024ರ ಜನವರಿಯಿಂದ ಆಧಾರ್ ಜೋಡಣೆಯಿಲ್ಲದೆ ಕೂಲಿ ಇಲ್ಲವೆಂದಾಯಿತು. ನೆಟ್‌ವರ್ಕ್ ಸಿಗದಿದ್ದರೆ ಅಗೆದ ಗುಂಡಿಯೂ ಲೆಕ್ಕಕ್ಕಿಲ್ಲ. ಹಾರೆ ಹಿಡಿದು ಸವೆದ ಬೆರಳನ್ನು ಯಂತ್ರ ಗುರುತಿಸದು. ದುಡಿದದ್ದಕ್ಕೆ ಸಾಕ್ಷಿಯಾದ ಸವೆತವೇ ದುಡಿದವನ ಕೂಲಿಗೆ ಅಡ್ಡ ಬಂತು. 1930ರ ಗಣಿಯವರು ಯಾತಕ್ಕೆ ಕೆಲಸ ನಿಲ್ಲಿಸಿದರು ಎಂಬುದು ಇಲ್ಲಿ ನೆನಪಾಗಬೇಕು.

5

ಫೋನಿನಿಂದ ಅಸ್ಪೃಶ್ಯತೆ ಹೋಯಿತು ಎಂದು ಹೇಳುವ ಗೆಳೆಯರಿದ್ದಾರೆ. ಗೋಡೆಗೆ ಅಂಟಿಸಿದ ಚೌಕಕ್ಕೆ ಫೋನು ಹಿಡಿದರೆ ಆಯಿತು, ಕಾಸು ಎಸೆಯುವವನಿಲ್ಲ, ನೀರು ಚಿಮುಕಿಸುವವನಿಲ್ಲ ಅಂತಾರೆ. ಮುಟ್ಟುವ ಸಂದರ್ಭವೇ ಇಲ್ಲದ ಮೇಲೆ ಮುಟ್ಟದಿರುವುದು ಅವಮಾನದಂತೆ ಕಾಣುವುದಿಲ್ಲ, ಅಷ್ಟೇ. ಮುಟ್ಟದವನು ತನ್ನ ಮನಸ್ಸು ಬದಲಾಯಿಸದೆ ವ್ಯಾಪಾರ ಮಾಡಬಹುದು. ಮೇಲಾಗಿ ದುಡ್ಡು ಕೊಟ್ಟವನ ಹೆಸರು ಪಡೆದವನ ಫೋನಿನಲ್ಲಿ, ಪಡೆದವನ ಹೆಸರು ಕೊಟ್ಟವನ ಫೋನಿನಲ್ಲಿ ಮೂಡುತ್ತದೆ. ನೋಟು ಮುಚ್ಚಿಟ್ಟ ಹೆಸರನ್ನು ಫೋನು ಕೂಗಿ ಹೇಳುತ್ತದೆ. 2025ರಲ್ಲಿ ಉತ್ತರ ಪ್ರದೇಶದ ಕಾವಡ್ ಯಾತ್ರೆಯ ದಾರಿಯಲ್ಲಿ ಢಾಬಾದ ಚೌಕ ಸ್ಕ್ಯಾನ್ ಮಾಡಿ ಮಾಲೀಕನ ಮತ ಪತ್ತೆ ಹಚ್ಚಲು ಹೊರಟ ಗುಂಪಿನ ಸುದ್ದಿ ಬಂತು. ಮತ ಹುಡುಕಿದವರಿಗೆ ಜಾತಿ ಹುಡುಕುವುದು ಕಷ್ಟವೇ?

ನಮ್ಮ ಬೆಂಗಳೂರಲ್ಲೇ 2025ರ ಜುಲೈನಲ್ಲಿ ನಡೆದದ್ದನ್ನು ನೋಡಿ. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ಹಿಡಿದು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳಿಸಿತು. ಹಾಲು, ತರಕಾರಿ ಮಾರುವವರೂ ಅದರಲ್ಲಿದ್ದರು, ಆ ಸರಕಿಗೆ ತೆರಿಗೆಯೇ ಇಲ್ಲದಿದ್ದರೂ. ಚೌಕಗಳನ್ನು ಕಿತ್ತು ‘ನಗದು ಮಾತ್ರ’ ಎಂದು ಬೋರ್ಡು ಹಾಕಿದರು. ಪ್ರತಿಭಟನೆಯಾದ ಮೇಲೆ ಹಳೆಯ ಬಾಕಿ ಕೇಳುವುದಿಲ್ಲವೆಂದು ಸರ್ಕಾರ ಹೇಳಿತು. ಸರ್ಕಾರಕ್ಕೆ ತೆರಿಗೆ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಎಲ್ಲವನ್ನೂ ಬರೆದಿಡುವ ಪುಸ್ತಕ ಒಬ್ಬರ ಕೈಯಲ್ಲಿದ್ದರೆ ಅದು ಮೊದಲು ತಳ್ಳುಗಾಡಿಯವನ ಮುಂದೆ ತೆರೆದುಕೊಳ್ಳುತ್ತದೆ ಎಂಬುದನ್ನು ಜನ ಒಂದೇ ವಾರದಲ್ಲಿ ಕಲಿತರು. 2025ರ ಆಗಸ್ಟಿನ ಒಂದೇ ತಿಂಗಳಲ್ಲಿ ದೇಶದಲ್ಲಿ 2000 ಕೋಟಿ ಯುಪಿಐ ವಹಿವಾಟು ನಡೆದವು. ಅದೇ ವರ್ಷ ಚಲಾವಣೆಯ ನೋಟುಗಳ ಮೌಲ್ಯ 2016ರಲ್ಲಿ ಇದ್ದದ್ದರ ಎರಡರಷ್ಟನ್ನೂ ದಾಟಿತ್ತು. ಫೋನನ್ನು ಬಳಸುತ್ತಲೇ ಜನ ನೋಟನ್ನು ಬಿಟ್ಟುಕೊಟ್ಟಿಲ್ಲ.

ಫೋನು ಬೇಡ ಎಂದು ನಾವು ಹೇಳುತ್ತಿಲ್ಲ. ಓದುವ ಮಗಳಿಗೆ ಪಟ್ಟಣದ ಹಾಸ್ಟೆಲಿಗೆ ಅಪ್ಪ ಅರೆಗಳಿಗೆಯಲ್ಲಿ ದುಡ್ಡು ಕಳಿಸುವುದನ್ನು ಬೇಡ ಎನ್ನುವುದು ಹೇಗೆ? ನಾವು ಕೇಳುವುದು ಕೊಳಗ ಯಾರ ಕೈಯಲ್ಲಿದೆ ಎಂದು. ಒಂದು ಫೋನು ಮನೆಗೆ, ಅದು ಮಗನ ಜೇಬಿಗೆ, ಅದರ ಗುಟ್ಟಿನ ಅಂಕಿ ಅವನಿಗೇ ಗೊತ್ತು ಎಂದಾದರೆ ತಾಯಿಯ ಸೆರಗಿನ ಗಂಟು ಬಿಚ್ಚಿಹೋಯಿತೆಂದೇ ಅರ್ಥ. ದುಡಿದವರು ನೋಟು ಕೇಳಿದರೆ ನೋಟು, ಖಾತೆ ಕೇಳಿದರೆ ಖಾತೆ ಸಿಗಬೇಕು. ಯಂತ್ರ ಬೆರಳು ಗುರುತಿಸದ ದಿನವೂ ಕೂಲಿ ನಿಲ್ಲಬಾರದು. ಬಸ್ಸು, ಆಸ್ಪತ್ರೆ, ಪಡಿತರ ಅಂಗಡಿ ಎಲ್ಲೂ ನಗದು ತಂದವರನ್ನು ಹಿಂದಕ್ಕೆ ಕಳಿಸಬಾರದು. ಸಂಘಟನೆಯ ಗೆಳೆಯರು ಈ ಬೇಡಿಕೆಗಳನ್ನು ಪಂಚಾಯ್ತಿಯ ಮುಂದಿಡಲಿ. ಹಳ್ಳಿಯ ಮೇಷ್ಟ್ರುಗಳು ಮಕ್ಕಳಿಗೆ ಒಂದು ಕೆಲಸ ಕೊಡಲಿ: ನಿಮ್ಮ ಅಜ್ಜಿಗೆ ಮೊದಲ ಕೂಲಿ ಏನು ಸಿಕ್ಕಿತು, ಯಾವಾಗ ಸಿಕ್ಕಿತು, ಅದನ್ನು ಎಲ್ಲಿ ಇಟ್ಟುಕೊಂಡರು ಎಂದು ಕೇಳಿ ಬರೆದು ತನ್ನಿ. ಆ ಪುಸ್ತಕವನ್ನಾದರೂ ನಾವೇ ಬರೆಯೋಣ, ನಾವೇ ಓದೋಣ.