ಉಣುಗಿನ ಎಚ್ಚರ: ಮಲೆನಾಡು ಕಲಿತ ಬಗೆ

ಉಣುಗು ಕಚ್ಚಿದರೆ ಮನುಷ್ಯನ ಜೀವಕ್ಕೇ ಅಪಾಯ ಎಂಬ ಅರಿವು ಮಲೆನಾಡಿಗೆ ಬಂದದ್ದು 1957ರ ನಂತರ. ದನ, ನಾಯಿಗಳ ಮೈಯಿಂದ ಉಣುಗು ಕಿತ್ತು ಹಾಕುವುದು ಹಳೆಯ ರೂಢಿ. ಅದಕ್ಕೂ ಜ್ವರಕ್ಕೂ ನಂಟಿದೆಯೆಂದು ಗೊತ್ತಿರಲಿಲ್ಲ. ಆ ವರ್ಷ ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು. ಸುತ್ತಲ ಹಳ್ಳಿಗಳಲ್ಲಿ ವಿಪರೀತ ಜ್ವರ, ಮೈಕೈ ನೋವು, ರಕ್ತಸ್ರಾವ ಕಾಣಿಸಿಕೊಂಡಿತು. ಮೊದಲು ಹಳದಿ ಜ್ವರದ ಶಂಕೆ ಹುಟ್ಟಿತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದ ಟೆಲ್‌ಫೋರ್ಡ್ ವರ್ಕ್ ಮತ್ತು ಹೆರಾಲ್ಡ್ ಟ್ರಪಿಡೊ ತನಿಖೆ ನಡೆಸಿದಾಗ ಸಿಕ್ಕಿದ್ದು ಉಣುಗಿನಿಂದ ಹರಡುವ ಹೊಸ ವೈರಸ್. ಜನರ ಬಾಯಲ್ಲಿ ಅದು ಮಂಗನ ಕಾಯಿಲೆಯಾಯಿತು. ಮಂಗವೂ ಇಲ್ಲಿ ಬಲಿಪಶುವೇ.

ಮನುಷ್ಯರನ್ನು ಹೆಚ್ಚಾಗಿ ಕಚ್ಚುವುದು ಎಳ್ಳುಕಾಳಿಗಿಂತ ಚಿಕ್ಕದಾದ ಮರಿ ಉಣುಗು. ಡಿಸೆಂಬರಿನಿಂದ ಮೇ ತನಕ ಅದು ಒಣಗಿದ ತರಗೆಲೆಗಳ ನಡುವೆ ಹೇರಳವಾಗಿರುತ್ತದೆ. ಕೊಟ್ಟಿಗೆಗೆ ತರಗು ಗುಡಿಸಿ ತರುವ, ಸೌದೆ ಹೊರುವ, ದನ ಮೇಯಿಸುವ ಕಾಲವೂ ಅದೇ. ಹೀಗಾಗಿ ಕಾಯಿಲೆಯ ಭಾರ ಬಡವರ ಮೇಲೇ ಬಿತ್ತು. ದಕ್ಷಿಣ ಕನ್ನಡದಲ್ಲಿ, ಬೆಳ್ತಂಗಡಿ ಕಡೆ ಗೇರು ತೋಟಕ್ಕೆಂದು ಕಾಡು ಕಡಿದ ಜಾಗದ ಸುತ್ತ, 1982–83ರಲ್ಲಿ ರೋಗ ಭೀಕರವಾಗಿ ಹಬ್ಬಿ ಅನೇಕರು ಸತ್ತರು. ಕಾಡು ಕಡಿದದ್ದಕ್ಕೆ ತೆತ್ತ ಬೆಲೆ ಅದು.

ಆರೋಗ್ಯ ಇಲಾಖೆಯ ಪ್ರಚಾರ ಬೆಳೆದದ್ದು ಈ ಅನುಭವಗಳಿಂದ: ಕಾಡಿಗೆ ಹೋಗುವ ಮುನ್ನ ಕೈಕಾಲಿಗೆ ಉಣುಗನ್ನು ದೂರವಿಡುವ ಡಿಎಂಪಿ ಎಣ್ಣೆ, ಈಚೆಗೆ ಡೆಪಾ ಎಣ್ಣೆ, ಮರಳಿದ ಮೇಲೆ ಬಿಸಿನೀರ ಸ್ನಾನ, ಮಂಗ ಸತ್ತರೆ ಕೂಡಲೇ ಇಲಾಖೆಗೆ ಸುದ್ದಿ. 2018–19ರಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಸುತ್ತಮುತ್ತ ಮತ್ತೆ ಸಾವುಗಳಾದವು. ಈ ಕಾಯಿಲೆಗೆ ಕೊಡುತ್ತಿದ್ದ ಹಳೆಯ ಲಸಿಕೆಯ ಬಲ ಸಾಲದೆಂದು 2022ರಲ್ಲಿ ಅದನ್ನು ನಿಲ್ಲಿಸಲಾಯಿತು.

ಉಣುಗಿನ ಇನ್ನೊಂದು ಕೇಡು ತಿಳಿದದ್ದು ತೀರ ಈಚೆಗೆ. 2009ರ ಆಸುಪಾಸಿನಲ್ಲಿ ಆಸ್ಟ್ರೇಲಿಯಾದ ಶೆರಿಲ್ ವಾನ್ ನ್ಯೂನನ್, ಅಮೆರಿಕದ ಥಾಮಸ್ ಪ್ಲಾಟ್ಸ್-ಮಿಲ್ಸ್ ಅವರ ಅಧ್ಯಯನಗಳು ಕೆಲವು ಜಾತಿಯ ಉಣುಗಿನ ಕಡಿತಕ್ಕೂ ಮಾಂಸದ ಅಲರ್ಜಿಗೂ ಇರುವ ಸಂಬಂಧವನ್ನು ತೋರಿಸಿದವು. ಹಂದಿ, ಕುರಿ, ದನದ ಮಾಂಸದಲ್ಲಿರುವ ಆಲ್ಫಾ-ಗ್ಯಾಲ್ ಎಂಬ ಸಕ್ಕರೆಯ ಅಂಶ ಕಡಿತಕ್ಕೊಳಗಾದ ಕೆಲವರ ಮೈಗೆ ಒಗ್ಗದಾಗುತ್ತದೆ. ಕೋಳಿ, ಮೀನಿನಲ್ಲಿ ಅದು ಇಲ್ಲ. ಉಂಡ 2ರಿಂದ 6 ಗಂಟೆಗಳ ನಂತರ ತೊಂದರೆ ಶುರುವಾಗುವುದರಿಂದ ರಾತ್ರಿಯೂಟದ ಮೇಲೆ ಯಾರಿಗೂ ಅನುಮಾನ ಬರುವುದಿಲ್ಲ. ಹಂದಿ ಮಾಂಸ ರೂಢಿಯ ಊಟವಾಗಿರುವ ಸಕಲೇಶಪುರ, ಆಲೂರು ಕಡೆಯವರಿಗೂ ಈ ವಿಷಯ ಗೊತ್ತಿರಬೇಕು. ಮಾಂಸದೂಟದ ನಂತರ ನಡುರಾತ್ರಿ ಮೈಮೇಲೆ ದದ್ದೆದ್ದರೆ, ಉಸಿರು ಕಟ್ಟಿದರೆ ಕೂಡಲೇ ಆಸ್ಪತ್ರೆಗೆ ಹೋಗಬೇಕು. ಹಿಂದೆ ಉಣುಗು ಕಚ್ಚಿದ್ದರೆ ಅದನ್ನೂ ವೈದ್ಯರಿಗೆ ಹೇಳಬೇಕು.