ಕಿಲ್ಲಾರಿ ಭೂಕಂಪದ ಫೋಟೋಗಳು: ನೋಡುವ, ಗುರುತು ಬರೆಯುವ, ಉಳಿಸುವ ಬಗೆ

ಸೊಲ್ಲಾಪುರ, ಅಕ್ಕಲಕೋಟ, ಉಮರಗಾ ಕಡೆಯ ಹಿರಿಯರು ‘ಭೂಕಂಪದ ವರ್ಷ’ ಎಂದರೆ ಅದು 1993. ಸಪ್ಟೆಂಬರ್ 30ರ ನಸುಕಿನ 3 ಗಂಟೆ 56 ನಿಮಿಷಕ್ಕೆ ಲಾತೂರ ಜಿಲ್ಲೆಯ ಕಿಲ್ಲಾರಿಯ ಸುತ್ತ ನೆಲ ನಡುಗಿತು. ಪ್ರಮಾಣ ಸುಮಾರು 6.2. ಹಿಂದಿನ ದಿನ ಗಣಪತಿ ಕಳಿಸಿ ದಣಿದ ಜನ ಒಳಗೆ ಮಲಗಿದ್ದರು. ಸತ್ತವರ ಲೆಕ್ಕ ಒಂದೊಂದು ದಾಖಲೆಯಲ್ಲಿ ಒಂದೊಂದು ರೀತಿ ಇದೆ, ಎಂಟರಿಂದ ಹತ್ತು ಸಾವಿರದ ನಡುವೆ. ಲಾತೂರ ಮತ್ತು ಆಗಿನ ಉಸ್ಮಾನಾಬಾದ (ಈಗಿನ ಧಾರಾಶಿವ) ಜಿಲ್ಲೆಗಳ 52 ಊರುಗಳು ಹಳೆಯ ಜಾಗ ಬಿಟ್ಟು ಬೇರೆಡೆ ನೆಲೆ ನಿಂತವು. ಆ ಊರುಗಳ ಕಡೆ ನಮ್ಮಲ್ಲಿ ಅನೇಕರಿಗೆ ಬೀಗತನವಿದೆ. ಹಾಗಾಗಿ ಆ ಕಾಲದ ಫೋಟೋಗಳು ನಮ್ಮ ಮನೆಗಳ ಆಲ್ಬಮ್ಮುಗಳಲ್ಲಿಯೂ ಇವೆ. ಸಂಘದಿಂದ ಅವುಗಳ ಪ್ರತಿ ತೆಗೆದು ಇಡಬೇಕೆಂದಿದ್ದೇವೆ. ಅದಕ್ಕಾಗಿ ಈ ಮಾಹಿತಿ.

ಮೊದಲ ವಾರದ ಚಿತ್ರಗಳು ಹೆಚ್ಚುಕಡಿಮೆ ಒಂದೇ ತರಹ ಇರುತ್ತವೆ: ಕಲ್ಲಿನ ರಾಶಿ, ಮಿಲಿಟರಿ ಜವಾನರು, ಮಳೆಯ ಕೆಸರು, ಸಾಲು ಚಿತೆಗಳು. ಆಗ ಕ್ಯಾಮೆರಾಕ್ಕೆ 36 ಚಿತ್ರಗಳ ರೋಲು. ತೆಗೆದವರು ಬಹುತೇಕ ಊರ ಸ್ಟುಡಿಯೋದವರು, ಪತ್ರಿಕೆಯವರು, ಪರಿಹಾರ ಸಾಮಾನು ತೆಗೆದುಕೊಂಡು ಹೋದ ಲಾರಿಯ ಜೊತೆಗಿದ್ದವರು. ಈ ಚಿತ್ರಗಳಿಗೆ ಬೆಲೆ ಇಲ್ಲವೆಂದಲ್ಲ. ಆದರೆ ಹೆಣಗಳ ಚಿತ್ರವನ್ನು ಮೊಬೈಲಿನಲ್ಲಿ ಹಂಚುವುದು ಬೇಡ. ಆ ಮನೆಯವರು ಇನ್ನೂ ಇದ್ದಾರೆ. ಅಂಥವನ್ನು ಲಕೋಟೆಯಲ್ಲಿ ಬೇರೆಯಾಗಿ ಕೊಡಿರಿ, ಪ್ರಕಟಿಸುವುದಿಲ್ಲ.

ಬಿದ್ದ ಗೋಡೆ ಕಾಣುವ ಫೋಟೋ ಇದ್ದರೆ ಅದನ್ನು ನಿಧಾನವಾಗಿ ನೋಡಬೇಕು. ಇಷ್ಟು ಜನ ಯಾಕೆ ಸತ್ತರು ಎನ್ನುವುದಕ್ಕೆ ಉತ್ತರ ಅದರಲ್ಲಿಯೇ ಇದೆ. ಆ ಭಾಗದ ಮನೆಗಳ ಗೋಡೆ ಎರಡು ಮೂರು ಅಡಿ ದಪ್ಪ, ಕೆಲವೆಡೆ ಇನ್ನೂ ಹೆಚ್ಚು. ಒಳಮೈ ಒಂದು, ಹೊರಮೈ ಒಂದು, ನಡುವೆ ಚೂರುಗಲ್ಲು ಮತ್ತು ಮಣ್ಣು. ಎರಡೂ ಮೈಗಳನ್ನು ಹಿಡಿದು ಕಟ್ಟುವ ಉದ್ದ ಕಲ್ಲುಗಳು ಇಲ್ಲವೇ ಇಲ್ಲ ಎನ್ನುವಷ್ಟು ಕಡಿಮೆ. ನೆಲ ಅಲುಗಿದಾಗ ಎರಡು ಮೈಗಳು ಬೇರೆಯಾಗಿ ಒಂದು ಒಳಕ್ಕೆ, ಒಂದು ಹೊರಕ್ಕೆ ಬಿದ್ದವು. ಮೇಲೆ ಮಣ್ಣಿನ ಮಾಳಿಗೆ. ಬಿಸಿಲು ತಡೆಯಲೆಂದು, ಮಳೆ ಸೋರಬಾರದೆಂದು ವರ್ಷವರ್ಷ ಮಣ್ಣು ಹಾಕಿಸಿ ಭಾರ ಹೆಚ್ಚಿಸಿದ ಮಾಳಿಗೆ. ಅದೇ ಫೋಟೋಗಳಲ್ಲಿ ಕೆಲವೆಡೆ ಗೋಡೆ ಪೂರ್ತಿ ಬಿದ್ದರೂ ಕಟ್ಟಿಗೆಯ ಕಂಬ, ತೊಲೆ, ಮಾಳಿಗೆ ನಿಂತೇ ಇರುವುದು ಕಾಣುತ್ತದೆ. ನಾವು ಅಂಕಣದ ಮನೆ ಎನ್ನುತ್ತೇವಲ್ಲ, ಆ ತರಹದ್ದು. ಕಂಬಗಳು ಭಾರ ಹೊತ್ತಲ್ಲಿ ಒಳಗಿದ್ದವರು ಉಳಿಯುವ ಸಾಧ್ಯತೆ ಹೆಚ್ಚಿತ್ತು. ಇಂಥ ಒಂದು ಸ್ಪಷ್ಟ ಚಿತ್ರ, ಬರೀ ರಾಶಿಯ ಐವತ್ತು ಚಿತ್ರಗಳಿಗಿಂತ ಉಪಯೋಗದ್ದು. ನಮ್ಮ ಹಳ್ಳಿಗಳಲ್ಲಿ ಇಂದಿಗೂ ಅಂಥ ಗೋಡೆಗಳಿವೆ. 1993ರವರೆಗೆ ಕಿಲ್ಲಾರಿ ಭಾಗ ಭೂಕಂಪದ ನಕಾಶೆಯಲ್ಲಿ ಅತಿ ಕಡಿಮೆ ಅಪಾಯದ ಒಂದನೆಯ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ತೆಗೆದುಹಾಕಿ ಕಿಲ್ಲಾರಿಯನ್ನು ಮೂರನೆಯ ವಲಯಕ್ಕೆ ಸೇರಿಸಿದರು.

ಎಲ್ಲಕ್ಕಿಂತ ಕೊರತೆ ಇರುವುದು ಭೂಕಂಪದ ಮುಂಚಿನ ಚಿತ್ರಗಳದು. ಬಿದ್ದ ಊರಿನ ಫೋಟೋ ಸಾವಿರ ಸಿಗುತ್ತವೆ, ನಿಂತ ಊರಿನದು ಸಿಗುವುದಿಲ್ಲ. ಇದ್ದ ಫೋಟೋಗಳು ಮನೆಯ ಜೊತೆಗೇ ಮಣ್ಣಾದವು. ಉಳಿದಿದ್ದರೆ ಹೊರಗಿನ ಬೀಗರ ಮನೆಯಲ್ಲಿಯೇ, ಅಂದರೆ ನಮ್ಮಲ್ಲಿಯೇ. 1993ಕ್ಕಿಂತ ಹಿಂದೆ ಆ ಊರುಗಳಲ್ಲಿ ಆದ ಲಗ್ನ, ಕುಬುಸ, ಜಾತ್ರೆ, ಶಾಲೆಯ ಗುಂಪು ಫೋಟೋ ಯಾವುದೇ ಇರಲಿ, ಮದುಮಕ್ಕಳ ಹಿಂದೆ ಏನು ಕಾಣುತ್ತದೆ ನೋಡಿರಿ. ಅಗಸಿ, ವಾಡೆ, ಬಾವಿ, ಗುಡಿಯ ಕಟ್ಟೆ, ಓಣಿಯ ತಿರುವು. ಹಳೆಯ ಊರಿನ ಜಾಗದಲ್ಲಿ ಮುಳ್ಳುಕಂಟಿ ಬೆಳೆದ ಮೇಲೆ, ಅಲ್ಲಿ ಹುಟ್ಟಿದವರಿಗೆ ತಮ್ಮ ಓಣಿಯನ್ನು ಮೊಮ್ಮಕ್ಕಳಿಗೆ ತೋರಿಸಲು ಬೇರೆ ದಾರಿ ಇಲ್ಲ.

ಮತ್ತೆ ಕಟ್ಟಿದ ಕಾಲದ ಚಿತ್ರಗಳನ್ನೂ ಜನ ಅಷ್ಟಾಗಿ ಇಟ್ಟುಕೊಂಡಿಲ್ಲ. ಮೊದಲು ಪತ್ರಾಸಿನ ಶೆಡ್ಡುಗಳು; ಬೇಸಿಗೆಯಲ್ಲಿ ಅವುಗಳ ಕಾವು ಹೇಳತೀರದು. ಆಮೇಲೆ ವಿಶ್ವಬ್ಯಾಂಕಿನ ಸಾಲದಿಂದ ಮಹಾರಾಷ್ಟ್ರ ಸರಕಾರದ ಪುನರ್ವಸತಿ ಯೋಜನೆ ನಡೆಯಿತು. ಸ್ಥಳಾಂತರವಾದ ಊರುಗಳಲ್ಲಿ ಹೊಲದ ಅಳತೆ ನೋಡಿ 250, 400, 750 ಚದರ ಅಡಿಯ ಮನೆ ಕೊಟ್ಟರು. ನೇರ ರಸ್ತೆ, ಸಾಲು ಮನೆ. ಉಳಿದ ಊರುಗಳಲ್ಲಿ ಎರಡು ಲಕ್ಷದಷ್ಟು ಮನೆಗಳ ದುರಸ್ತಿ ಮತ್ತು ಬಲಪಡಿಸುವ ಕೆಲಸ. ಗೋಡೆಯಲ್ಲಿ ತೂತು ತೆಗೆದು, ಕಬ್ಬಿಣದ ಸರಳು ಇಟ್ಟು, ಕಾಂಕ್ರೀಟ್ ತುಂಬಿ ಎರಡು ಮೈಗಳನ್ನು ಹೊಲಿಯುವುದು, ಮಾಳಿಗೆಯ ಮಣ್ಣು ಕಡಿಮೆ ಮಾಡುವುದು. ಈ ದುರಸ್ತಿಯಲ್ಲಿ ಊರಿನ ಹೆಣ್ಣುಮಕ್ಕಳು ‘ಸಂವಾದ ಸಹಾಯಕ’ರಾಗಿ ಮನೆಮನೆಗೆ ಹೋಗಿ ತಿಳಿಸಿ ಹೇಳಿದರು. ಸ್ವಯಂ ಶಿಕ್ಷಣ ಪ್ರಯೋಗ ಎಂಬ ಸಂಸ್ಥೆ ಅವರ ಜೊತೆಗಿತ್ತು. 2001ರ ಗುಜರಾತ ಭೂಕಂಪವಾದಾಗ ಇದೇ ಹೆಣ್ಣುಮಕ್ಕಳಲ್ಲಿ ಕೆಲವರು ಅಲ್ಲಿಗೆ ಹೋಗಿ ಅನುಭವ ಹೇಳಿ ಬಂದರು. ಸರಕಾರಿ ಫೋಟೋಗಳು ಉದ್ಘಾಟನೆಯ ಹೂಮಾಲೆಗೆ ನಿಲ್ಲುತ್ತವೆ. ಆಮೇಲೆ ಜನ ಅದೇ ಮನೆಗೆ ಅಡುಗೆಮನೆ ಕೂಡಿಸಿದ್ದು, ದನದ ಕೊಟ್ಟಿಗೆ ಹಾಕಿದ್ದು, ಬೇವಿನ ಗಿಡ ಹಚ್ಚಿದ್ದು ಯಾರೋ ನೆಂಟರು ತೆಗೆದ ಚಿತ್ರದಲ್ಲಷ್ಟೇ ಇರುತ್ತದೆ. ಊರು ಚೇತರಿಸಿಕೊಂಡಿದ್ದು ಕಾಣುವುದು ಅದರಲ್ಲಿ.

ಇನ್ನು ಗುರುತು ಬರೆಯುವ ಕೆಲಸ. ದಿನಾಂಕವಿಲ್ಲದ ಅರ್ಜಿಯನ್ನು ಯಾವ ಕಚೇರಿಯೂ ತೆಗೆದುಕೊಳ್ಳುವುದಿಲ್ಲ. ಊರ ಹೆಸರಿಲ್ಲದ ಫೋಟೋವೂ ಹಾಗೆಯೇ. ಚಿತ್ರದ ಹಿಂದೆ ಮೆತ್ತನೆಯ ಪೆನ್ಸಿಲಿನಿಂದ ಬರೆಯಿರಿ, ಬಾಲ್‌ಪೆನ್ ಬೇಡ, ಒತ್ತಿದ್ದು ಮುಂದೆ ಮೂಡುತ್ತದೆ. ಊರು, ತಾಲೂಕು, ಹಳೆಯ ಜಾಗವೋ ಹೊಸದೋ, ಸುಮಾರು ಯಾವ ವರ್ಷ, ತೆಗೆದವರು ಯಾರು, ಕಾಣುವವರು ಯಾರು. ಗೊತ್ತಿಲ್ಲದಿದ್ದರೆ ಖಾಲಿ ಬಿಡಿರಿ, ಅಂದಾಜಿನಿಂದ ಹೆಸರು ಹಾಕಬೇಡಿರಿ. ಅಂಟಿನ ಹಾಳೆಯ ಆಲ್ಬಮ್ಮಿನಲ್ಲಿ ಇದ್ದರೆ ಕಿತ್ತು ತೆಗೆಯಲು ಹೋಗಬೇಡಿರಿ, ಆಲ್ಬಮ್ಮನ್ನೇ ತನ್ನಿರಿ. ನೆಗೆಟಿವ್ ಇದ್ದರೆ ಪ್ರಿಂಟಿಗಿಂತ ಅದು ಮುಖ್ಯ. ಬೆರಳು ತಾಗಿಸದೆ ಅಂಚು ಹಿಡಿದು ಕಾಗದದ ಲಕೋಟೆಯಲ್ಲಿ ಇಡಿರಿ. ಮೊಬೈಲಿನಲ್ಲಿ ಫೋಟೋದ ಫೋಟೋ ತೆಗೆದು ಕಳಿಸಿದರೆ ಹಿಂದಿನ ಗೋಡೆ, ಅಗಸಿ ಎಲ್ಲ ಮಸುಕಾಗುತ್ತದೆ, ಸ್ಕ್ಯಾನರಿನಲ್ಲಿ 600 ಡಿಪಿಐಗೆ ತೆಗೆಯುವುದು ಒಳ್ಳೆಯದು.

ಸಂಘದ ಕಚೇರಿಯಲ್ಲಿ ರವಿವಾರ ಬೆಳಿಗ್ಗೆ ಸ್ಕ್ಯಾನ್ ಮಾಡಿ ಅಂದೇ ಮೂಲ ಪ್ರತಿ ವಾಪಸು ಕೊಡುತ್ತೇವೆ, ರಸೀದಿ ಸಹಿತ. ಆ ಊರಿನಲ್ಲಿ ಹುಟ್ಟಿದ ಹಿರಿಯರು ಮನೆಯಲ್ಲಿದ್ದರೆ ಅವರನ್ನೂ ಕರೆತನ್ನಿರಿ. ಹೆಸರು ಹೇಳುವವರು ಅವರೇ.