ಪರಂಬಿಕುಳಂ ಕಾಡಿನ ಟ್ರಾಮ್ ಹಾದಿ

ಕಾಡಿನ ಮರವನ್ನು ಯಾರು ಕಡಿಸಿದರು, ಯಾರು ಕೊಂಡರು ಎಂಬ ವಿವರ ನಮ್ಮ ಇತಿಹಾಸದ ಪುಸ್ತಕಗಳಲ್ಲಿ ಅಲ್ಲಲ್ಲಿ ದೊರೆಯುತ್ತದೆ. ಅಷ್ಟು ಭಾರದ ದಿಮ್ಮಿಗಳು ಬೆಟ್ಟದಿಂದ ಬಯಲಿಗೆ ಹೇಗೆ ಬಂದವು ಎಂಬುದನ್ನು ಬರೆದವರು ಕಡಿಮೆ. ಮೂವತ್ತು ವರ್ಷ ಇತಿಹಾಸ ಬೋಧಿಸಿದ ನನಗೆ ಈ ಕೊರತೆ ಯಾವಾಗಲೂ ಕಾಡುತ್ತಿತ್ತು.

ಹಳೆಯ ದಾರಿಯೆಂದರೆ ನದಿ. ಆದರೆ ಹಸಿ ತೇಗ ನೀರಿನಲ್ಲಿ ಮುಳುಗುತ್ತದೆ. ಆದ್ದರಿಂದ ಬುಡದ ಸುತ್ತ ತೊಗಟೆಯನ್ನೂ ಅದರೊಳಗಿನ ಬಿಳಿ ಮರವನ್ನೂ ಉಂಗುರದಂತೆ ಕೆತ್ತಿ, ಮರವು ನಿಂತಲ್ಲಿಯೇ ಒಣಗುವಂತೆ ಎರಡು ಮೂರು ವರ್ಷ ಬಿಡುತ್ತಿದ್ದರು. ಬಳಿಕ ಕಡಿದು, ಆನೆಗಳಿಂದ ಎಳೆಸಿ, ಮಳೆಗಾಲದ ಹೊಳೆಗೆ ಇಳಿಸುತ್ತಿದ್ದರು. 1817ರಲ್ಲಿ ಮುಂಬಯಿಯಲ್ಲಿ ನೀರಿಗಿಳಿದ ‘ಟ್ರಿಂಕೊಮಲಿ’ ಎಂಬ ಯುದ್ಧನೌಕೆ ಮಲಬಾರಿನ ತೇಗದ್ದು. ಇಂಗ್ಲೆಂಡಿನಲ್ಲಿ ಅದು ಇಂದಿಗೂ ತೇಲುತ್ತಿದೆ! ಹೊಳೆ ಇಲ್ಲದ ಕಡೆ ಗಾಡಿ, ಕಡಿದಾದ ಬೆಟ್ಟದಲ್ಲಿ ಜಾರುದಾರಿ. ಆನೈಮಲೆಯ ‘ಟಾಪ್‌ಸ್ಲಿಪ್’ ಎಂಬ ಊರಿಗೆ ಹೆಸರು ಬಂದದ್ದೇ ದಿಮ್ಮಿಗಳನ್ನು ಅಲ್ಲಿಂದ ಕೆಳಕ್ಕೆ ಜಾರಿಸುತ್ತಿದ್ದುದರಿಂದ.

ಅದರ ನೆರೆಯಲ್ಲೇ ಕೊಚ್ಚಿ ಸಂಸ್ಥಾನದ ಪರಂಬಿಕುಳಂ ಕಾಡು. ತೇಗ ಹೇರಳ, ಆದರೆ ಚಾಲಕುಡಿ ನದಿಯಲ್ಲಿ ಎಂಬತ್ತು ಅಡಿ ಎತ್ತರದ ಅದಿರಪ್ಪಿಳ್ಳಿ ಜಲಪಾತ ಅಡ್ಡವಾಗಿದೆ. ಅಲ್ಲಿ ಬಿದ್ದ ದಿಮ್ಮಿಯ ಗತಿ ಏನಾದೀತೆಂದು ಓದುಗರೇ ಊಹಿಸಬಹುದು. ಸಂಸ್ಥಾನವು ಕಂಡುಕೊಂಡ ಉಪಾಯವೆಂದರೆ ಟ್ರಾಮ್ ಹಾದಿ. ಚಾಲಕುಡಿಯಿಂದ ಪರಂಬಿಕುಳಂವರೆಗೆ ಸುಮಾರು 80 ಕಿಲೋಮೀಟರ್ ಉದ್ದದ ಈ ಹಾದಿ 1907ರಲ್ಲಿ ತೆರೆಯಿತು. ಷೊರನೂರು–ಕೊಚ್ಚಿ ರೈಲು 1902ರಲ್ಲೇ ಬಂದಿದ್ದುದರಿಂದ ಚಾಲಕುಡಿಗೆ ಬಂದ ನಾಟಾಕ್ಕೆ ಮುಂದಿನ ದಾರಿ ಸಿದ್ಧವಾಗಿಯೇ ಇತ್ತು.

ನನಗೆ ಅತ್ಯಂತ ಸೊಗಸಾಗಿ ಕಂಡದ್ದು ಅದರ ಇಳಿಜಾರುಗಳ ವ್ಯವಸ್ಥೆ. ಎಂಜಿನ್ ಏರಲಾಗದಷ್ಟು ಕಡಿದಾದ ಕಡೆಗಳಲ್ಲಿ ಮೇಲ್ತುದಿಯ ದೊಡ್ಡ ರಾಟೆಗೆ ಹಗ್ಗ ಸುತ್ತಿ, ಒಂದು ಕೊನೆಗೆ ತುಂಬಿದ ಬಂಡಿಯನ್ನೂ ಇನ್ನೊಂದಕ್ಕೆ ಖಾಲಿ ಬಂಡಿಯನ್ನೂ ಕಟ್ಟುತ್ತಿದ್ದರು. ಇಳಿಯುವ ದಿಮ್ಮಿಯ ಭಾರವೇ ಖಾಲಿ ಬಂಡಿಯನ್ನು ಮೇಲಕ್ಕೆಳೆಯುತ್ತಿತ್ತು. ಬಾವಿಯ ರಾಟೆಯನ್ನು ಬಲ್ಲವರಿಗೆ ಇದರ ತತ್ತ್ವ ಹೊಸದಲ್ಲ. ವೇಗವನ್ನು ಹಿಡಿತದಲ್ಲಿಡಲು ಬ್ರೇಕ್ ಇದ್ದರೆ ಸಾಕು. ನನ್ನ ಸೋದರಮಾವ ಮಲೆನಾಡಿನಲ್ಲಿ ನಾಟಾ ಗಾಡಿ ಹೊಡೆಯುತ್ತಿದ್ದಾಗ, ಘಟ್ಟ ಇಳಿಯುವಲ್ಲಿ ಗಾಡಿ ಎತ್ತುಗಳ ಮೇಲೆ ನುಗ್ಗದಿರಲೆಂದು ಹಿಂದೊಂದು ದಪ್ಪ ಕೊಂಬೆ ಕಟ್ಟಿ ನೆಲಕ್ಕೆ ಉಜ್ಜಿಸುತ್ತಿದ್ದರಂತೆ. ಅವರು ಹೆದರುತ್ತಿದ್ದ ಭಾರವನ್ನೇ ಇಲ್ಲಿ ದುಡಿಸಿಕೊಂಡಿದ್ದರು.

ಮೆಚ್ಚುಗೆಯ ಮಾತು ಇಷ್ಟಕ್ಕೇ ನಿಲ್ಲಬೇಕು. ಗಾಡಿಯ ನಿಧಾನಗತಿಯೇ ಕಾಡಿಗೊಂದು ರಕ್ಷೆಯಾಗಿತ್ತೆಂಬುದು ನನ್ನ ಅಭಿಪ್ರಾಯ. ಎತ್ತು ಎಳೆಯಲಾರದ ದೂರದಲ್ಲಿದ್ದ ಮರ ಉಳಿಯುತ್ತಿತ್ತು. ಹಳಿ ಹಾಕಿದ ಮೇಲೆ ದೂರವೆಂಬುದು ಅಳಿಯಿತು. ಅಲ್ಲದೆ ಹಣ ಹೂಡಿ ಹಾಕಿದ ಹಳಿಯನ್ನು ಖಾಲಿ ಬಿಡಲು ಯಾವ ಸರಕಾರ ಒಪ್ಪೀತು? ಸಾಗಿಸಲಿಕ್ಕಾಗಿಯೇ ಕಡಿಯಬೇಕಾಗುತ್ತದೆ. ನಮ್ಮಲ್ಲಿಯೂ 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಇದ್ದಿಲಿನ ಕುಲುಮೆಯನ್ನೇ ನಂಬಿತ್ತು. ಅದರ ಟ್ರಾಮ್ ಹಾದಿಗಳೂ ಸೌದೆಗಾಗಿ ಕಾಡಿನೊಳಕ್ಕೆ ಚಾಚಿಕೊಂಡವು. ಕಬ್ಬಿಣ ಬೇಕಿತ್ತು, ನಿಜ. ಆದರೆ ಲೆಕ್ಕದ ಪುಸ್ತಕದಲ್ಲಿ ಕಾಡು ಖರ್ಚಿನ ಕಡೆ ಬರಲೇ ಇಲ್ಲ.

ಪರಂಬಿಕುಳಂ ಟ್ರಾಮ್ 1963ರಲ್ಲಿ ಕೊನೆಗೊಂಡಿತು. ಆ ಕಾಡು ಈಗ ಹುಲಿ ಸಂರಕ್ಷಿತ ಪ್ರದೇಶ. ಅಲ್ಲಿ ‘ಕನ್ನಿಮಾರ’ ಎಂಬ ಮಹಾತೇಗವೊಂದು ಇನ್ನೂ ನಿಂತಿದೆ. ವಯಸ್ಸು ನಾನೂರು ವರ್ಷಕ್ಕೂ ಹೆಚ್ಚೆನ್ನುತ್ತಾರೆ. ಅದನ್ನು ತಬ್ಬಲು ನಾಲ್ಕೈದು ಜನ ಕೈ ಕೈ ಹಿಡಿದು ನಿಲ್ಲಬೇಕು.